ಗೇರುಬೀಜದ ಕೋಣೆಗೆ ಎಲೆಕ್ಟ್ರೋಡ್ ಹ್ಯುಮಿಡಿಫೈಯರ್: ನೀರು ನೋಡಿ ಕೊಳ್ಳಿ

ಕರಾವಳಿಯಲ್ಲಿ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಯಂತ್ರ, ಕೂರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದು ನಗುವವರಿದ್ದಾರೆ. ಗೇರುಬೀಜದ ಕೆಲಸ ಬಲ್ಲವರು ನಗುವುದಿಲ್ಲ. ಬೋರ್ಮದಿಂದ (ತಿರುಳು ಒಣಗಿಸುವ ಬಿಸಿಗೂಡಿನಿಂದ) ಹೊರಬಂದ ತಿರುಳಿನಲ್ಲಿ ತೇವ ಸುಮಾರು ಶೇ 3, ಕೈ ತಾಗಿದರೆ ಹೋಳು. ಪ್ಯಾಕಿಂಗ್ ಹೊತ್ತಿಗೆ ಅದು ಶೇ 5 ದಾಟಲೂಬಾರದು. ಮಳೆಗಾಲದ ಗಾಳಿಗೆ ಬಿಟ್ಟರೆ ಮೆತ್ತಗಾಗುತ್ತದೆ, ಬರಿಯ ಎಸಿ ಕೋಣೆಯಲ್ಲಿಟ್ಟರೆ ಒಡೆಯುತ್ತದೆ. ಬೈಕಂಪಾಡಿ, ಕಾರ್ಕಳ ಕಡೆಯ ಮಧ್ಯಮ ಘಟಕಗಳಿಗೆ ಹೊಂದುವ, ಗಂಟೆಗೆ 8 ಕೆ.ಜಿ. ಹಬೆ ಕೊಡುವ ತ್ರೀ ಫೇಸ್ ಎಲೆಕ್ಟ್ರೋಡ್ ಮಾದರಿಯನ್ನು ಇಲ್ಲಿ ನೋಡೋಣ. ಸುಮಾರು 6 ಕಿಲೋವ್ಯಾಟ್ ಎಳೆಯುತ್ತದೆ. ಪೂರ್ತಿ ಓಡುವಾಗ ಫೇಸಿಗೆ 8 ಆಂಪಿಯರ್ ಆಸುಪಾಸು.

ಇದರಲ್ಲಿ ಕಾಯಿಲ್ ಇಲ್ಲ, ಕರೆಂಟು ಹರಿಯುವುದು ನೀರಿನಲ್ಲೇ. ಹಾಗಾಗಿ ಯಂತ್ರದ ಗುಣ ಅರ್ಧ, ನೀರಿನ ಗುಣ ಅರ್ಧ. ಸಾಮಾನ್ಯವಾಗಿ ಕೈಪಿಡಿಗಳು ಕೇಳುವುದು ಸೆಂಟಿಮೀಟರಿಗೆ 125ರಿಂದ 1250 ಮೈಕ್ರೋಸೀಮೆನ್ಸ್ ವಾಹಕತೆಯ (ಕರೆಂಟು ಹರಿಯಬಿಡುವ ಗುಣದ) ನೀರು. ಮುರಕಲ್ಲಿನ ನೆಲದ ಬಾವಿ ನೀರು ಮಳೆಗಾಲದಲ್ಲಿ ಅದಕ್ಕಿಂತ ಕೆಳಗಿಳಿಯಬಹುದು. ಆಗ ಸಿಲಿಂಡರ್ (ಎಲೆಕ್ಟ್ರೋಡ್‌ಗಳಿರುವ, ನೀರು ಕುದಿಯುವ ಪಾತ್ರೆ) ತುಂಬಿದರೂ ಆಂಪಿಯರ್ ಏರುವುದಿಲ್ಲ, ಹೊಸ ಸಿಲಿಂಡರ್ ಪೂರ್ತಿ ಹಬೆಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ತಾಳ್ಮೆಗೆಟ್ಟು ಒಂದು ಹಿಡಿ ಉಪ್ಪು ಹಾಕುವವರಿದ್ದಾರೆ. ಬೇಡವೇ ಬೇಡ: ನೊರೆ ಎದ್ದು ಹಬೆಯ ಜೊತೆ ನೀರೂ ಡಕ್ಟಿಗೆ ಹೋಗುತ್ತದೆ, ಓವರ್‌ಕರೆಂಟ್ ಅಲಾರಂ ಬರುತ್ತದೆ. ಉಳ್ಳಾಲ, ಮಲ್ಪೆಯಂಥ ಕಡಲಂಚಿನ ಬಾವಿಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೀರು ಉಪ್ಪಾದರೆ ಹಾಕದೆಯೇ ಇದೇ ಗತಿ. ಆರ್‌ಒ ನೀರು ಕೊಟ್ಟರೆ ಕರೆಂಟು ಸಾಕಷ್ಟು ಹರಿಯುವುದಿಲ್ಲ. ಮೆದುಗೊಳಿಸಿದ ನೀರೂ ನೊರೆ ತರುತ್ತದೆ. ತುಂಬೆ ಅಣೆಕಟ್ಟಿನಿಂದ ಬರುವ ಮಂಗಳೂರಿನ ನಳ್ಳಿ ನೀರಾದರೂ ಪಾಕೆಟ್ ಮೀಟರಿನಲ್ಲಿ ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಅಳೆದು ಡ್ರೈನ್ ಸೆಟ್ಟಿಂಗ್ (ಸಿಲಿಂಡರಿನ ನೀರನ್ನು ಎಷ್ಟು ಹೊರಬಿಡಬೇಕೆಂಬುದು) ಬದಲಿಸಿ. ಉಪ್ಪುನೀರಿಗೆ ಡ್ರೈನ್ ಹೆಚ್ಚು, ಸಪ್ಪೆನೀರಿಗೆ ಕಡಿಮೆ. ಸ್ಥಾಪಿಸುವವರು ಈ ಸೆಟ್ಟಿಂಗನ್ನು ಕಂಪನಿಯಿಂದ ಬಂದಂತೆಯೇ ಬಿಟ್ಟು ಹೋಗುವುದೇ ಹೆಚ್ಚು.

ಕಂಟ್ರೋಲರ್ ಮಟ್ಟಿಗೆ ಯಂತ್ರ ಚೆನ್ನಾಗಿದೆ. ಸೆಟ್ ಪಾಯಿಂಟ್ (ಕೋಣೆಯ ಗಾಳಿಯಲ್ಲಿ ಬೇಕಾದ ತೇವಾಂಶ) ಎಷ್ಟೆಂಬುದನ್ನು ತಿರುಳಿನ ತೇವ ಅಳೆದು ನಿಮ್ಮ ಕೋಣೆಗೆ ತಕ್ಕಂತೆ ನಿಗದಿ ಮಾಡಿ. ಅದರ ಬ್ಯಾಂಡನ್ನು (ತೇವ ಏರಿಳಿಯಲು ಬಿಡುವ ಅಂತರವನ್ನು) ಮಾತ್ರ ಶೇ 5ಕ್ಕಿಂತ ಕಿರಿದು ಮಾಡಬೇಡಿ. ಶೇ 2 ಇಟ್ಟರೆ ನಿಖರವಾಗುತ್ತದೆ ಅನ್ನಿಸುತ್ತದೆ, ಆದರೆ ಹಬೆ ಗಾಳಿಯಲ್ಲಿ ಬೆರೆತು ಸೆನ್ಸರಿಗೆ ಮುಟ್ಟಲು ಹೊತ್ತು ಬೇಕು. ಅಷ್ಟರಲ್ಲಿ ಹಬೆ ಹೆಚ್ಚಾಗಿ, ಮತ್ತೆ ನಿಂತು, ಮತ್ತೆ ಏರಿ, ಕರೆಂಟು ಕೊಟ್ಟು ನಿಲ್ಲಿಸುವ ಕಾಂಟ್ಯಾಕ್ಟರ್ ಟಕಟಕ ಅನ್ನುತ್ತಲೇ ಇರುತ್ತದೆ.

ಸೆನ್ಸರ್ ರಿಟರ್ನ್ ಡಕ್ಟಿನಲ್ಲಿರಲಿ, ಹಬೆ ಬಿಡುವ ಕೊಳವೆಯ ಎದುರಿಗೆ ಬೇಡ. ತಿರುಳಿನ ಪರೆಯ (ತೆಳು ಸಿಪ್ಪೆಯ) ಧೂಳು ಕೂತು ಅದು ಸುಳ್ಳು ಹೇಳತೊಡಗುತ್ತದೆ. ಪರೀಕ್ಷೆ ಸುಲಭ: ಬಾಟಲಿಯ ತಳದಲ್ಲಿ ಅಡುಗೆ ಉಪ್ಪನ್ನು ಒಂದಿಷ್ಟು ನೀರಿನಲ್ಲಿ ಕಲಸಿ ಕೆಸರಿನಂತೆ ಮಾಡಿ, ಸೆನ್ಸರ್ ತುದಿ ಅದಕ್ಕೆ ತಾಗದಂತೆ ಒಳಗಿಳಿಸಿ ಬಾಯಿ ಬಿಗಿಯಾಗಿ ಮುಚ್ಚಿ. ನಾಲ್ಕೈದು ಗಂಟೆ ಬಿಟ್ಟು ನೋಡಿದರೆ 25 ಡಿಗ್ರಿಯಲ್ಲಿ ಶೇ 75 ತೋರಿಸಬೇಕು. ಎರಡು-ಮೂರು ಅಂಕ ತಪ್ಪಿದರೆ ಮೆನುವಿನಲ್ಲಿ ಆಫ್‌ಸೆಟ್ ಕೊಡಿ, ಐದಕ್ಕಿಂತ ಹೆಚ್ಚಾದರೆ ಸೆನ್ಸರ್ ಬದಲಿಸಿ. ತೇವ ಮಿತಿಮೀರಿದರೆ ಹಬೆ ನಿಲ್ಲಿಸುವ, ಡಕ್ಟಿನ ಹೈ ಲಿಮಿಟ್ ಸ್ವಿಚ್ಚನ್ನು ಶೇ 80-85ರ ನಡುವೆ ಇಡಿ. ಫ್ಯಾನ್ ನಿಂತರೆ ಹಬೆಯೂ ನಿಲ್ಲುತ್ತದೆಯೇ ಎಂದು ಫ್ಯಾನ್ ಆಫ್ ಮಾಡಿಯೇ ಖಚಿತಪಡಿಸಿಕೊಳ್ಳಿ.

ನಿರ್ವಹಣೆಯಲ್ಲಿ ತೊಂದರೆ ಕೊಡುವುದು ಡ್ರೈನ್ ವಾಲ್ವ್. ಸಿಲಿಂಡರಿನಿಂದ ಕಳಚಿದ ಚಕ್ಕೆ ಸಿಕ್ಕಿಕೊಂಡರೆ ನೀರು ಖಾಲಿಯಾಗದೆ ಅದರಲ್ಲಿ ಲವಣ ಹೆಚ್ಚುತ್ತಾ ಹೋಗಿ ಕರೆಂಟು ಮಿತಿಮೀರುತ್ತದೆ. ಫಿಲ್ ವಾಲ್ವಿನ ಜಾಲರಿಯಲ್ಲಿ ಕೆಂಪು ಹೂಳು ತುಂಬಿದರೆ ಇದರ ಉಲ್ಟಾ: ನೀರು ಸಾಲದೆ ಹಬೆ ಕುಗ್ಗುತ್ತದೆ. ಹಬೆಯ ಹೋಸ್ ಎಲ್ಲೂ ಜೋತುಬೀಳಬಾರದು. ತಗ್ಗಿನಲ್ಲಿ ನೀರು ನಿಂತರೆ ಗುಳುಗುಳು ಸದ್ದು ಬರುತ್ತದೆ. ಸಿಲಿಂಡರ್ ಬಿಚ್ಚುವ ಮುಂಚೆ ನೀರು ಪೂರ್ತಿ ಖಾಲಿ ಮಾಡಿ, ಐಸೊಲೇಟರ್ ಇಳಿಸಿ, ಬೀಗ ಹಾಕಿ. ಒಳಗಿನ ನೀರಿನಲ್ಲೇ ಕರೆಂಟು ಇರುತ್ತದೆ, ಮರೆಯಬೇಡಿ. ಸಿಲಿಂಡರಿಗೆ ಕರೆಂಟು ಕೊಡುವ ಪಿನ್‌ಗಳಲ್ಲಿ ಕಡಲ ಗಾಳಿಯ ಹಸಿರು ಕಿಲುಬು ಕಂಡರೆ ಕೆರೆದು ತೆಗೆದು ಬಿಗಿ ಮಾಡಿ, ಸಡಿಲವಾದ ಪಿನ್ ಸುಟ್ಟು ಕಪ್ಪಾಗುತ್ತದೆ. ನೀರು ಸಿಲಿಂಡರಿನ ಮೇಲ್ಭಾಗದ ಮಟ್ಟದ ಸೆನ್ಸರ್ ಮುಟ್ಟಿದರೂ ಆಂಪಿಯರ್ ಬರದಿದ್ದರೆ, ನೀರಿನ ವಾಹಕತೆ ಸರಿಯಿದ್ದೂ, ಸಿಲಿಂಡರ್ ಮುಗಿದಂತೆ. ಮೂರು ದಿನಕ್ಕಿಂತ ಹೆಚ್ಚು ಯಂತ್ರ ನಿಲ್ಲುವುದಿದ್ದರೆ ನೀರು ತಾನಾಗಿ ಖಾಲಿಯಾಗುವಂತೆ ಸೆಟ್ ಮಾಡಿ, ನಿಂತ ನೀರು ವಾಸನೆ ಹಿಡಿಯುತ್ತದೆ.

ನಳ್ಳಿ ನೀರು ಇರುವಲ್ಲಿ ಇದನ್ನೇ ಕೊಳ್ಳಿ, ಅಗ್ಗ, ಸರಳ. ಬಾವಿ ಉಪ್ಪಾಗುವಲ್ಲಿ ಹಣ ಹೆಚ್ಚಾದರೂ ಹೀಟರ್ ಮಾದರಿಯೇ ವಾಸಿ, ಅದಕ್ಕೆ ಆರ್‌ಒ ನೀರೂ ನಡೆಯುತ್ತದೆ. ಯಾವುದಾದರೂ ಸರಿ, ಬಿಲ್ ಕೊಡುವ ಮುಂಚೆ ಮೆನುವಿನ ಪಾಸ್‌ವರ್ಡ್, ಬರೆದುಕೊಟ್ಟ ಸೆಟ್ಟಿಂಗ್ ಪಟ್ಟಿ, ಒಂದು ಹೆಚ್ಚುವರಿ ಡ್ರೈನ್ ವಾಲ್ವ್ ಕೇಳಿ ತೆಗೆದುಕೊಳ್ಳಿ.