ಫ್ಯಾಫ್ಸಾ: ಸ್ವಂತ ವ್ಯಾಪಾರದ ಪೋಷಕರು ಮತ್ತೆ ಕಾಲೇಜಿಗೆ ಸೇರುವಾಗ

ಕಾಲೇಜು ಓದಿಗೆ ಮರಳಿ ಕಟ್ಟಬೇಕಿಲ್ಲದ ಪೆಲ್ ಗ್ರ್ಯಾಂಟ್ ಬೇಕಿರಲಿ, ಫೆಡರಲ್ ಸಾಲ ಬೇಕಿರಲಿ, ಅಮೆರಿಕದಲ್ಲಿ ತುಂಬಬೇಕಾದ ಅರ್ಜಿ ಒಂದೇ: ಫ್ಯಾಫ್ಸಾ. ಇದು ಪೂರ್ತಿ ಉಚಿತ. ತುಂಬಿಕೊಡುತ್ತೇವೆಂದು ದುಡ್ಡು ಕೇಳುವವರತ್ತ ತಲೆ ಹಾಕಬೇಡಿ. ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ನೆರವು ಸಿಗುತ್ತದೆ. ಎಚ್-1ಬಿ, ಎಚ್-4 ವೀಸಾದವರಿಗೆ ಇಲ್ಲ.

2024-25ರ ಸಾಲಿನಿಂದ ಫಾರ್ಮ್ ನಿಜಕ್ಕೂ ಚಿಕ್ಕದಾಗಿದೆ. ಒಪ್ಪಿಗೆ ಒತ್ತಿದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ತೆರಿಗೆಯ ಅಂಕಿಗಳು ತಾವಾಗಿಯೇ ಬರುತ್ತವೆ. ಒಪ್ಪದಿದ್ದರೆ ಫೆಡರಲ್ ನೆರವು ಒಂದು ಡಾಲರೂ ಇಲ್ಲ. ಗಂಡ-ಹೆಂಡತಿ ಬೇರೆ ಬೇರೆ ರಿಟರ್ನ್ ಸಲ್ಲಿಸಿದ್ದರೆ ಇಬ್ಬರೂ ತಂತಮ್ಮ ಖಾತೆಯಿಂದ ಒಪ್ಪಬೇಕು. ಇದನ್ನು ಮರೆತರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮಕ್ಕಳ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀವು ಭರಿಸುತ್ತಿದ್ದರೆ ವಯಸ್ಸು ಎಷ್ಟೇ ಇರಲಿ, ನಿಮ್ಮ ಅಪ್ಪ-ಅಮ್ಮನ ಆದಾಯ ಕೇಳುವುದಿಲ್ಲ.

ವ್ಯಾಪಾರಸ್ಥರ ಮಟ್ಟಿಗೆ ಎಲ್ಲವೂ ನಿಂತಿರುವುದು ತೆರಿಗೆ ರಿಟರ್ನ್ ಜೊತೆ ಸಲ್ಲಿಸುವ ವ್ಯಾಪಾರದ ಲಾಭ-ನಷ್ಟದ ಫಾರ್ಮ್ ಆದ ಶೆಡ್ಯೂಲ್ ಸಿ ಮೇಲೆ. ಅದರಲ್ಲೂ 31ನೇ ಸಾಲಿನ ನಿವ್ವಳ ಲಾಭ; ಒಟ್ಟು ವಹಿವಾಟು ಅಲ್ಲ. ಎಜಿಐ (ರಿಟರ್ನ್ ಪ್ರಕಾರ ಕೆಲವು ಕಡಿತಗಳನ್ನು ಕಳೆದ ಮೇಲಿನ ಆದಾಯ) 60,000 ಡಾಲರ್‌ಗಿಂತ ಕಡಿಮೆಯಿದ್ದು, ಈ ಲಾಭ ಅಥವಾ ನಷ್ಟ 10,000 ಮೀರದೆ, ಎ, ಬಿ, ಡಿ, ಇ, ಎಫ್, ಎಚ್ ಶೆಡ್ಯೂಲ್‌ಗಳು ಯಾವುವೂ ಇಲ್ಲದಿದ್ದರೆ ಆಸ್ತಿ ಲೆಕ್ಕಕ್ಕೇ ಬರುವುದಿಲ್ಲ. ನಷ್ಟ ತೋರಿಸಿದಷ್ಟೂ ಒಳ್ಳೆಯದೆಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ: 12,000 ನಷ್ಟವೂ ಮಿತಿ ಮೀರಿದಂತೆಯೇ. ಸ್ವಂತ ವ್ಯಾಪಾರಸ್ಥರ ನಿವೃತ್ತಿ ಖಾತೆಯಾದ ಎಸ್‌ಇಪಿ ಐಆರ್‌ಎಗೆ ಕಟ್ಟಿದ ಹಣದಿಂದ ಎಜಿಐ ಇಳಿಯುತ್ತದೆ, ಆದರೆ ನೆರವಿನ ಅರ್ಹತೆ ಅಳೆಯುವ ಅಂಕಿಯಾದ ಎಸ್‌ಎಐ ಸೂತ್ರ ಅದನ್ನು ಮತ್ತೆ ಆದಾಯಕ್ಕೆ ಕೂಡಿಸುತ್ತದೆ. ಪೂರ್ಣ ಪೆಲ್ (2025-26ರಲ್ಲಿ 7,395 ಡಾಲರ್) ನೋಡುವುದು ಮಾತ್ರ ಎಜಿಐಯನ್ನೇ: ಒಂಟಿ ಪೋಷಕರಿಗೆ ಬಡತನ ರೇಖೆಯ ಶೇ. 225ರವರೆಗೆ, ದಂಪತಿಗೆ ಶೇ. 175ರವರೆಗೆ. ಹಾಗಾಗಿ ಈ ಅಂಚಿನಲ್ಲಿರುವವರಿಗೆ ಎಸ್‌ಇಪಿ ಉಪಯೋಗಕ್ಕೆ ಬರುತ್ತದೆ.

ಎರಡು ವರ್ಷ ಸಣ್ಣ ವ್ಯಾಪಾರದ ಬಂಡವಾಳವನ್ನೂ ಆಸ್ತಿಯೆಂದು ಎಣಿಸಿದ್ದು ಅನ್ಯಾಯವೇ ಆಗಿತ್ತು. 2026-27ರಿಂದ, ಪೂರ್ಣಾವಧಿ ನೌಕರರು 100ಕ್ಕಿಂತ ಹೆಚ್ಚಿಲ್ಲದ ಕುಟುಂಬದ ವ್ಯಾಪಾರಕ್ಕೆ ಮತ್ತೆ ವಿನಾಯಿತಿ ಸಿಕ್ಕಿದೆ.

ಫ್ಯಾಫ್ಸಾದ ದೊಡ್ಡ ದೋಷವೆಂದರೆ ಹಳೆಯ ಆದಾಯ. 2026-27ಕ್ಕೆ 2024ರ ರಿಟರ್ನ್ ನೋಡುತ್ತಾರೆ. ಓದಿಗಾಗಿ ಈಗ ಗಿರಾಕಿಗಳನ್ನು ಬಿಟ್ಟಿದ್ದರೆ ಅದು ಫಾರ್ಮ್‌ಗೆ ಗೊತ್ತೇ ಆಗದು. ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ, ಈಗಿನ ಪರಿಸ್ಥಿತಿ ನೋಡಿ ಲೆಕ್ಕ ತಿದ್ದುವ 'ಪ್ರೊಫೆಷನಲ್ ಜಡ್ಜ್‌ಮೆಂಟ್' ಕೇಳಿ. ಈ ವರ್ಷದ ತಿಂಗಳುವಾರು ಲಾಭ-ನಷ್ಟದ ಪಟ್ಟಿ, ಅದಕ್ಕೆ ತಾಳೆಯಾಗುವ ಬ್ಯಾಂಕ್ ಸ್ಟೇಟ್‌ಮೆಂಟ್, ಮುಂಗಡ ತೆರಿಗೆಯ ರಸೀದಿ, ಒಪ್ಪಂದ ಮುಗಿದ ಪತ್ರ ಜೊತೆಗಿರಲಿ. ಬರೀ ಪತ್ರ ಬರೆದುಕೊಟ್ಟರೆ ಕೆಲಸವಾಗದು. ಕಾಲೇಜಿನ ತೀರ್ಮಾನವೇ ಅಂತಿಮ. ಶಿಕ್ಷಣ ಇಲಾಖೆಗೆ ಮೇಲ್ಮನವಿ ಇಲ್ಲ.

ಮನೆಯಲ್ಲಿ ಮಗಳೂ ಕಾಲೇಜಿನಲ್ಲಿದ್ದರೆ ಹಿಂದೆ ಸಿಗುತ್ತಿದ್ದ ರಿಯಾಯಿತಿ ಈಗಿಲ್ಲ. ಹಳೆಯ ವಿದ್ಯಾರ್ಥಿ ಸಾಲ ಡಿಫಾಲ್ಟ್ ಆಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಹಣ ಬರದು. ಬ್ಯಾಚುಲರ್ ಪದವಿ ಇದ್ದವರಿಗೆ ಪೆಲ್ ಇಲ್ಲ. ಭಾರತದಲ್ಲಿ ಮಾಡಿದ ಬಿ.ಇ. ಕೂಡ ಸಾಮಾನ್ಯವಾಗಿ ಪದವಿಯೆಂದೇ ಲೆಕ್ಕ. ಅಂಥವರಿಗೆ ಉಳಿಯುವುದು ಸಾಲ ಮತ್ತು ಕಾಲೇಜಿನ ಸ್ವಂತ ನೆರವು.