ಬಾಟಲಿಯಲ್ಲಿ ಬರುವ ಪರಭಕ್ಷಕ ನುಸಿ: ಎರಡು ಬಾರಿ ಬಳಸಿದ ಮೇಲಿನ ವಿಮರ್ಶೆ

ಹಸಿರುಮನೆಯ ಸೌತೆ ಬಳ್ಳಿಗಳಿಗೆ ತಗುಲಿದ್ದ ಎರಡು ಚುಕ್ಕೆಯ ಜೇಡ ನುಸಿಯ ಹತೋಟಿಗಾಗಿ ಫೈಟೊಸಿಯುಲಸ್ ಪರ್ಸಿಮಿಲಿಸ್ ಎಂಬ ಪರಭಕ್ಷಕ ನುಸಿಯನ್ನು ಎರಡು ಬಾರಿ ತರಿಸಿ ಬಳಸಿದ್ದೇನೆ. ಮೊದಲ ಬಾರಿ ಅದು ಪೂರ್ತಿ ವಿಫಲವಾಯಿತು, ಎರಡನೆಯ ಬಾರಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಎರಡು ಸಲವೂ ಬಂದ ಸರಕಿನಲ್ಲಿ ದೋಷವಿರಲಿಲ್ಲ. ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಹರಳುಗಳೊಂದಿಗೆ ಬೆರೆತಿದ್ದ ಕಿತ್ತಳೆ ಬಣ್ಣದ ನುಸಿಗಳು ಮುಚ್ಚಳ ತೆರೆದೊಡನೆ ಚುರುಕಾಗಿ ಓಡಾಡುತ್ತಿದ್ದವು. (ಲೇಬಲ್ಲಿನಲ್ಲಿ ‘ಮಿತ್ರ ಕೀಟ’ ಎಂದಿದ್ದರೂ ಎಂಟು ಕಾಲಿನ ಈ ಜೀವಿ ಕೀಟವಲ್ಲ, ಜೇಡದ ಬಳಗದ್ದು.)

ಮೊದಲ ಬಾರಿ ಬಿಟ್ಟ ವಾರಗಳಲ್ಲಿ ಮಧ್ಯಾಹ್ನದ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ಸಾಪೇಕ್ಷ ಆರ್ದ್ರತೆ ಶೇ. 40ಕ್ಕೂ ಕೆಳಗಿಳಿಯುತ್ತಿತ್ತು. ಬೆಳೆದ ನುಸಿಗಳು ಕೆಲವು ದಿನ ಬೇಟೆಯಾಡಿದವು, ಆದರೆ ಮರಿಗಳು ಕಾಣಿಸಲೇ ಇಲ್ಲ. ಕಾರಣ ಮೊಟ್ಟೆಯಲ್ಲಿದೆ: ಬೆಳೆದ ನುಸಿ ತಾನು ಹೀರುವ ಬೇಟೆಯಿಂದಲೇ ನೀರಿನಂಶವನ್ನು ಪಡೆಯಬಲ್ಲದು, ಮೊಟ್ಟೆಗೆ ಆ ದಾರಿಯಿಲ್ಲ, ಆರ್ದ್ರತೆ ಶೇ. 60ಕ್ಕಿಂತ ಕಡಿಮೆಯಾದಂತೆ ಅದು ಒಣಗಿ ಮುರುಟಿಹೋಗುತ್ತದೆ. ಇತ್ತ ಪೀಡೆಯ ನುಸಿಗಾದರೋ ಬಿಸಿಲು ಮತ್ತು ಒಣಹವೆಯೇ ಹಬ್ಬ.

ಎರಡನೆಯ ಬಾರಿ ನೆರಳು ಪರದೆ ಕಟ್ಟಿ, ಸಾಲುಗಳ ನಡುವಿನ ನೆಲಕ್ಕೆ ದಿನಕ್ಕೆರಡು ಸಲ ನೀರು ಚಿಮುಕಿಸಿ, ಉಷ್ಣತೆಯನ್ನು 20ರಿಂದ 27 ಡಿಗ್ರಿಯೊಳಗೆ ಹಿಡಿದಿಟ್ಟು, ಸಂಜೆಯ ತಂಪಿನಲ್ಲಿ ನುಸಿಗಳನ್ನು ಬಿಟ್ಟೆ. ಆರ್ದ್ರತೆಮಾಪಕವನ್ನು ಗೋಡೆಯಿಂದ ತೆಗೆದು ಎಲೆಗಳ ನಡುವೆ ತೂಗುಹಾಕಿದ್ದೂ ಪ್ರಯೋಜನಕ್ಕೆ ಬಂತು, ಏಕೆಂದರೆ ಎಲೆ ಹೊರಬಿಡುವ ನೀರಾವಿಯಿಂದ ಅಲ್ಲಿನ ಗಾಳಿ ಹೆಚ್ಚು ತೇವವಾಗಿರುತ್ತದೆ ಮತ್ತು ಮೊಟ್ಟೆ ಇರುವುದೂ ಅಲ್ಲಿಯೇ. ಮೂರು ವಾರಗಳಲ್ಲಿ ಹೊಸ ಎಲೆಗಳ ಮೇಲೆ ಪೀಡೆಯ ನುಸಿ ನೇಯುವ ಬಲೆ ಕಾಣದಾಯಿತು. ತೇವವನ್ನು ಮಿತಿಮೀರಿ ಏರಿಸಿದರೆ ಬೂಷ್ಟು ರೋಗ ಹಬ್ಬುವ ಅಪಾಯವಿರುವುದರಿಂದ ಕಿಟಕಿಗಳನ್ನು ನಿತ್ಯವೂ ಸ್ವಲ್ಪ ಹೊತ್ತು ತೆರೆದಿಡುತ್ತಿದ್ದೆ.

ನನ್ನ ಆಕ್ಷೇಪವಿರುವುದು ಜೊತೆಗೆ ಬರುವ ಕರಪತ್ರದ ಬಗ್ಗೆ. ಬಾಟಲಿಯನ್ನು 8ರಿಂದ 10 ಡಿಗ್ರಿಯಲ್ಲಿ ಅಡ್ಡ ಮಲಗಿಸಿಡಬೇಕು, ಬೇಗ ಬಳಸಬೇಕು ಎಂದು ದಪ್ಪಕ್ಷರದಲ್ಲಿ ಮುದ್ರಿಸಿದವರು ಆರ್ದ್ರತೆಯ ವಿಷಯವನ್ನು ‘ಸೂಕ್ತ ವಾತಾವರಣ’ ಎಂಬ ಎರಡು ಪದಗಳಲ್ಲಿ ಮುಗಿಸಿದ್ದಾರೆ. ತೇವ ಕಾಯ್ದುಕೊಳ್ಳಲಾಗದ ಬೆಳೆಗಾರರಿಗೆ ಬಿಸಿಲನ್ನೂ ಒಣಹವೆಯನ್ನೂ ಹೆಚ್ಚು ತಾಳಿಕೊಳ್ಳುವ, ಬೇಟೆ ಸಿಗದಾಗ ಪರಾಗ ತಿಂದು ಬದುಕಬಲ್ಲ ನಿಯೊಸಿಯುಲಸ್ ಕ್ಯಾಲಿಫೋರ್ನಿಕಸ್ ಎಂಬ ಇನ್ನೊಂದು ಪರಭಕ್ಷಕ ನುಸಿ ಒಳ್ಳೆಯ ಆಯ್ಕೆ. ಅದನ್ನೂ ಇದೇ ಮಾರಾಟಗಾರರು ಮಾರುತ್ತಾರೆ; ಮೊದಲ ಬಾರಿ ನಾನು ಕೇಳಿದಾಗ ಮಾತ್ರ ಯಾರೂ ಅದರ ಹೆಸರೆತ್ತಲಿಲ್ಲ.