8 ವ್ಯಾಟಿನ 300ಬಿ ಆಂಪಿಗೆ ಕ್ಲಿಪ್ಶ್ ಹೆರೆಸಿ 4: ಜೋಡಿ ಕೂಡುತ್ತದೆಯೇ?

300ಬಿ ಎಂಬ ವಾಲ್ವಿನ (ಗಾಜಿನ ನಿರ್ವಾತ ಕೊಳವೆ) ಸಿಂಗಲ್ ಎಂಡೆಡ್ ಆಂಪ್, ಅಂದರೆ ಚಾನೆಲ್ಲಿಗೆ ಒಂದೇ ಔಟ್‌ಪುಟ್ ವಾಲ್ವ್ ದುಡಿಯುವ ಆಂಪ್ಲಿಫೈಯರ್, ಚಾನೆಲ್ಲಿಗೆ ಕೊಡುವುದು ಸುಮಾರು 8 ವ್ಯಾಟ್. 2ಎ3 ಎಂಬ ವಾಲ್ವ್ ಆದರೆ ಮೂರೂವರೆ. ಇಷ್ಟರಲ್ಲೇ ಕೋಣೆ ತುಂಬಬೇಕೆಂದರೆ ಸ್ಪೀಕರ್ ಸರಿಯಾಗಿ ಹೊಂದಬೇಕು, ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ. ಕ್ಲಿಪ್ಶ್ ಕಂಪನಿಯ ಹೆರೆಸಿ 4 ಸ್ಪೀಕರ್ ಹೊಂದುತ್ತದೆ. ಆದರೆ ಡಬ್ಬದ ಮೇಲಿನ ಅಂಕಿ ನಂಬಿ ತಂತಿ ಸಿಕ್ಕಿಸಿ ಕೂತರೆ ಸಾಲದು.

ಕಂಪನಿ ಹೇಳುವ ಸೆನ್ಸಿಟಿವಿಟಿ, ಅಂದರೆ 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಬರುವ ಸದ್ದು, 99 ಡೆಸಿಬೆಲ್. ಕ್ಲಿಪ್ಶ್ ಕೋಣೆಯ ಪ್ರತಿಫಲನವನ್ನೂ ಸೇರಿಸಿ ಲೆಕ್ಕ ಕೊಡುತ್ತದೆ, ಹಾಗಾಗಿ 95 ಎಂದು ಹಿಡಿಯುವುದು ಕ್ಷೇಮ. 8 ವ್ಯಾಟಿಗೆ 9 ಕೂಡಿಸಿ, 3 ಮೀಟರ್ ದೂರಕ್ಕೆ ಸುಮಾರು 6 ಕಳೆದು, ಎರಡು ಸ್ಪೀಕರಿಗೆಂದು 3 ಕೂಡಿಸಿದರೆ 101 ಡೆಸಿಬೆಲ್. ಇದೇ ಆಂಪಿಗೆ 85 ಡೆಸಿಬೆಲ್ಲಿನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಹಾಕಿದರೆ ಬರುವುದು 91. ವಾದ್ಯವೃಂದದ ಸಂಗೀತದಲ್ಲಿ ಗರಿಷ್ಠ ಸದ್ದು ಸರಾಸರಿಗಿಂತ 20 ಡೆಸಿಬೆಲ್‌ನಷ್ಟು ಮೇಲೇರಬಹುದು. ಆಗ 91ರ ಜೋಡಿಯಲ್ಲಿ ಸರಾಸರಿಗೆ ಉಳಿಯುವುದು 71 ಮಾತ್ರ, ಅದಕ್ಕಿಂತ ಜೋರು ಮಾಡಿದರೆ ಪ್ರತಿ ತಾರಕದಲ್ಲೂ ಸದ್ದು ಒಡೆಯುತ್ತದೆ.

ನಿಮಗೆ 8 ವ್ಯಾಟ್ ಸಾಕೇ ಎಂದು ಕೊಳ್ಳುವ ಮೊದಲೇ ಅಳೆಯಬಹುದು. ಈಗಿರುವ ಟ್ರಾನ್ಸಿಸ್ಟರ್ ಆಂಪಿನಲ್ಲಿ ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ವಾಲ್ಯೂಮ್ ಇಟ್ಟು, ಆಮೇಲೆ ಅದನ್ನು ಮುಟ್ಟಬೇಡಿ. ಆಂಪ್ ಆಫ್ ಮಾಡಿ ಸ್ಪೀಕರ್ ತಂತಿ ಬಿಚ್ಚಿ. ಮತ್ತೆ ಆನ್ ಮಾಡಿ, ಮೈನಸ್ 12 ಡೆಸಿಬೆಲ್ ಮಟ್ಟದಲ್ಲಿರುವ (ಅಂದರೆ ರೆಕಾರ್ಡಿಂಗಿನ ಗರಿಷ್ಠ ವೋಲ್ಟೇಜಿನ ಕಾಲು ಭಾಗದ) 200 ಹರ್ಟ್ಸ್ ಟೋನ್ ನುಡಿಸಿ, ಸ್ಪೀಕರ್ ಟರ್ಮಿನಲ್ಲಿನ ಎಸಿ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು 4ರಿಂದ ಗುಣಿಸಿ. 8 ಓಮಿನ ಸ್ಪೀಕರಿಗೆ 8 ವ್ಯಾಟ್ ಎಂದರೆ 8 ವೋಲ್ಟ್, ಅದರೊಳಗಿದ್ದರೆ ಸಾಕು. ಈಗಿನದು 87 ಡೆಸಿಬೆಲ್ ಸ್ಪೀಕರ್ ಆಗಿದ್ದು ಲೆಕ್ಕ 12 ವೋಲ್ಟ್ ಬಂದರೂ ಗಾಬರಿ ಬೇಡ, ಹೆರೆಸಿಯ 8 ಡೆಸಿಬೆಲ್ ಹೆಚ್ಚಳದಿಂದ ಅದು 5ರ ಒಳಗೇ ಇಳಿಯುತ್ತದೆ. ವಾಲ್ವ್ ಆಂಪಿನಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಬೇಡಿ: ಲೋಡ್ (ಅಂದರೆ ಸ್ಪೀಕರ್) ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ ಇನ್ಸುಲೇಷನ್ ಸೀಳಬಹುದು.

ನಿಜವಾದ ತಕರಾರು ವ್ಯಾಟಿನದಲ್ಲ, ಇಂಪೀಡೆನ್ಸಿನದು (ಎಸಿ ಕರೆಂಟಿಗೆ ಒಡ್ಡುವ ತಡೆ, ಅಳತೆ ಓಮಿನಲ್ಲಿ). ಹೆರೆಸಿಯ ವಿವರಪಟ್ಟಿಯಲ್ಲಿರುವುದು ‘8 ಓಮ್ ಕಂಪ್ಯಾಟಿಬಲ್’. ಎಲ್ಲ ಸ್ವರಕ್ಕೂ 8 ಓಮೇ ಇರುತ್ತದೆ ಎಂದು ಇದರ ಅರ್ಥವಲ್ಲ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ಮತ್ತೆ ಇನ್‌ಪುಟ್ಟಿಗೆ ತಂದು ತಿದ್ದುವುದು) ಇಲ್ಲದ 300ಬಿ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 8 ಓಮ್ ಟ್ಯಾಪಿನಲ್ಲಿ (ಸ್ಪೀಕರ್ ತಂತಿ ಸಿಕ್ಕಿಸುವ ಟರ್ಮಿನಲ್) ಎರಡೂವರೆ ಓಮಿನಷ್ಟು ಇದ್ದೀತು. ಯಾವುದೇ ಸ್ಪೀಕರಿನ ಲೋಡ್ 4ರಿಂದ 25 ಓಮ್‌ವರೆಗೆ ಏರಿಳಿದರೆ ಸದ್ದಿನ ಮಟ್ಟದಲ್ಲಿ 3.4 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಲೋಡ್ ಏರಿದ ಕಡೆ ಉಬ್ಬು, ಇಳಿದ ಕಡೆ ತಗ್ಗು. ಊದಿಕೊಂಡ ಬೇಸಿಗೆ ವಾಲ್ವ್ ಬದಲಿಸುತ್ತಾ ದುಡ್ಡು ಸುರಿಯುವವರು ಮೊದಲು ನೋಡಬೇಕಾದದ್ದು ಆಂಪಿನ ಹಿಂಬದಿ. ತಂತಿಯನ್ನು 4 ಓಮ್ ಟ್ಯಾಪಿಗೆ ಬದಲಿಸಿದರೆ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚುಕಡಿಮೆ ಅರ್ಧವಾಗಿ, ಆ ವ್ಯತ್ಯಾಸ 1.9ಕ್ಕೆ ಇಳಿಯುತ್ತದೆ. ವಾಲ್ವಿಗೆ ಕಾಣುವ ಲೋಡ್ ಇಮ್ಮಡಿಯಾಗುವುದರಿಂದ ಡಿಸ್ಟಾರ್ಷನ್ನೂ ತಗ್ಗುತ್ತದೆ. ಕಳೆದುಕೊಳ್ಳುವುದು ಸುಮಾರು 2 ಡೆಸಿಬೆಲ್. ಈ ಸ್ಪೀಕರಿನಲ್ಲಿ ಅದು ಲೆಕ್ಕಕ್ಕಿಲ್ಲ.

ಸೆನ್ಸಿಟಿವಿಟಿ ಇಷ್ಟು ಹೆಚ್ಚಿರುವುದರಿಂದ ಹಮ್, ಅಂದರೆ ಹಾಡಿಲ್ಲದಾಗಲೂ ಕೇಳುವ ಗುಂಯ್ ಸದ್ದು, ಮಾತ್ರ ಕಾಡುತ್ತದೆ. ಫಿಲಮೆಂಟಿಗೆ (ವಾಲ್ವಿನೊಳಗೆ ಕಾಯುವ ತಂತಿ) ಎಸಿ ಕೊಡುವ ಆಂಪಾದರೆ ಇನ್ನೂ ಹೆಚ್ಚು. ಸ್ಪೀಕರ್ ಸಿಕ್ಕಿಸಿಯೇ, ವಾಲ್ಯೂಮ್ ಸೊನ್ನೆಗೆ ತಂದು, ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟಿಗೆ ಇಟ್ಟು ಟರ್ಮಿನಲ್ಲಿಗೆ ಹಿಡಿಯಿರಿ. ಹಮ್ ಪಾಟನ್ನು (ಹಮ್ ತಗ್ಗಿಸುವ ತಿರುಪು) ನಿಧಾನ ತಿರುಗಿಸಿದರೆ ಅಂಕಿ ಒಂದು ಕಡೆ ತಳ ಮುಟ್ಟಿ ಮತ್ತೆ ಏರುತ್ತದೆ, ಆ ತಳದಲ್ಲೇ ಬಿಡಿ. 1 ಮಿಲಿವೋಲ್ಟಿನ ಆಸುಪಾಸಿದ್ದರೆ ನೆಮ್ಮದಿ. 5 ದಾಟಿದರೆ ರಾತ್ರಿ ಹೊತ್ತು ಕುರ್ಚಿವರೆಗೂ ಗುಂಯ್‌ಗುಡುತ್ತದೆ. ಪಾಟ್ ಷಾಸಿಯ (ಆಂಪಿನ ಪೆಟ್ಟಿಗೆ) ಒಳಗಿದ್ದರೆ ಕೈ ಹಾಕಬೇಡಿ. ಆಫ್ ಮಾಡಿದ ಮೇಲೂ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಅದು ರಿಪೇರಿಯವರ ಕೆಲಸ.

ಬೇಸ್ 48 ಹರ್ಟ್ಸಿನಿಂದ ಶುರು. 12 ಇಂಚಿನ ವೂಫರ್ ನೋಡಿ ಪಾತಾಳದ ಗುಡುಗು ನಿರೀಕ್ಷಿಸಿದವರಿಗೆ ನಿರಾಸೆ ಖಂಡಿತ. ಪೋರ್ಟ್ (ಬೇಸಿನ ಗಾಳಿ ಹೊರಬರುವ ರಂಧ್ರ) ಹಿಂದಿರುವುದರಿಂದ ಗೋಡೆಗೆ ಒತ್ತಿ ಇಟ್ಟರೆ ಬೇಸ್ ಮಬ್ಬಾಗುತ್ತದೆ. ಒಂದು ಗೇಣಿನಿಂದ ಶುರುಮಾಡಿ ಮುಂದಕ್ಕೆ ಸರಿಸುತ್ತಾ ಕೇಳಿ.

ಹಳೆಯ 15 ಓಮಿನ ಎಲ್ಎಸ್3/5ಎ (ಬಿಬಿಸಿ ವಿನ್ಯಾಸದ ಪುಟ್ಟ ಸ್ಪೀಕರ್) ಕೂಡುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಅದರ ಇಂಪೀಡೆನ್ಸ್ ವಾಲ್ವಿಗೆ ಹಿತವೇ. ಆದರೆ ಸೆನ್ಸಿಟಿವಿಟಿ 82-83ರಷ್ಟೇ ಇರುವುದರಿಂದ 300ಬಿ ಜೊತೆ ಹತ್ತಿರ ಕೂತು ಮೆಲ್ಲಗೆ ಕೇಳುವುದಕ್ಕಷ್ಟೇ ಸರಿ. ಹೆರೆಸಿಯನ್ನು 2ಎ3 ಆಂಪಿಗೆ ಜೋಡಿಸುವುದಾದರೆ ಕೋಣೆ ಸಣ್ಣದಿರಲಿ, 2 ಮೀಟರಿನೊಳಗೆ ಕೂರುವಂತಿರಲಿ. ಅಲ್ಲಿ ಮೊದಲು 8 ಓಮ್ ಟ್ಯಾಪಿನಲ್ಲೇ ಕೇಳಿ ನೋಡಿ, ಮೂರೂವರೆ ವ್ಯಾಟಿನಲ್ಲಿ ಬಿಟ್ಟುಕೊಡಲು 2 ಡೆಸಿಬೆಲ್ ಇರುವುದಿಲ್ಲ.